ಡಬ್ಲಿನ್‌ನ ಬೇಸಿಗೆ ಶಾಲೆಯಲ್ಲಿ ಸ್ಪೇನ್ ಮಕ್ಕಳಿಗೆ ಪಾಠ, ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡಿಗೆ ಓದಲು ಬಂದ ನಮ್ಮ ಹುಡುಗ ಹುಡುಗಿಯರು ಏಪ್ರಿಲ್ ಬಂತೆಂದರೆ ಬೇಸಿಗೆಗೆ ಕೆಲಸ ಹುಡುಕಲು ಶುರು ಮಾಡುತ್ತಾರೆ. ಅಂಗಡಿ, ಗೋದಾಮು, ಹೋಟೆಲ್ ಎಲ್ಲರಿಗೂ ಗೊತ್ತು. ಸ್ಪೇನ್ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಬೇಸಿಗೆ ಶಾಲೆಗಳ ಕಡೆ ನೋಡುವವರು ಕಡಿಮೆ. ನಾನು ಆ ಕೆಲಸ ಮಾಡಿದ್ದೇನೆ. ಹೊಸಬರು ನನ್ನನ್ನು ಕೇಳುವ ಪ್ರಶ್ನೆಗಳು, ನಾನು ಕೊಡುವ ಉತ್ತರಗಳು ಇಲ್ಲಿವೆ.

ಸ್ಪೇನ್ ಮಕ್ಕಳು ಇಂಗ್ಲಿಷ್ ಕಲಿಯಲು ಐರ್ಲೆಂಡಿಗೇ ಯಾಕೆ ಬರುತ್ತಾರೆ?

ಇದು ಹಳೆಯ ರೂಢಿ. ಜೂನ್ ಕೊನೆಯಲ್ಲಿ ಡಬ್ಲಿನ್ ಬಸ್ಸಿನ ಮೇಲಂತಸ್ತಿಗೆ ಹತ್ತಿ ನೋಡಿ. ಒಂದೇ ಬಣ್ಣದ ಬ್ಯಾಗು ಹಾಕಿಕೊಂಡ ಹದಿಹರೆಯದವರು ಗಟ್ಟಿಯಾಗಿ ಹರಟುತ್ತಾ ಕೂತಿರುತ್ತಾರೆ. ಸ್ಪೇನ್‌ನಲ್ಲಿ ಶಾಲೆಗೆ ರಜೆ ಜೂನ್ ಮೂರನೇ ವಾರದ ಹೊತ್ತಿಗೆ ಶುರುವಾಗಿ ಸೆಪ್ಟೆಂಬರ್‌ವರೆಗೆ ಎಳೆಯುತ್ತದೆ. ಆಗ ಸೆವಿಯಾ, ಕೊರ್ದೊಬಾ ಕಡೆ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಡಬ್ಲಿನ್‌ನಲ್ಲಿ 20 ಡಿಗ್ರಿ ಮುಟ್ಟಿದರೆ ಅದೇ ಬೇಸಿಗೆ. ವಿಮಾನದಲ್ಲಿ ಹತ್ತಿರದ ದಾರಿ. ಎರಡೂ ಯುರೋಪ್ ಒಕ್ಕೂಟದ ದೇಶಗಳಾದ್ದರಿಂದ ಸ್ಪೇನ್‌ನವರಿಗೆ ಇಲ್ಲಿಗೆ ಬರಲು ಗುರುತಿನ ಚೀಟಿ ಸಾಕು. ಬ್ರಿಟನ್ನಿಗೆ ಹೋಗಲು 2021ರ ಅಕ್ಟೋಬರ್‌ನಿಂದ ಪಾಸ್‌ಪೋರ್ಟೇ ಬೇಕಾಗಿದೆ. ಜೊತೆಗೆ, ರಜೆಯಲ್ಲಿ ಐರಿಷ್ ಹೈಸ್ಕೂಲು ಕಟ್ಟಡಗಳು ಖಾಲಿ ಬಿದ್ದಿರುತ್ತವೆ. ಬೇಸಿಗೆ ಶಾಲೆಗಳು ಅವನ್ನೇ ಬಾಡಿಗೆಗೆ ಹಿಡಿಯುತ್ತವೆ. ಅದೇ ಹೊತ್ತಿಗೆ ಐರಿಷ್ ಮಕ್ಕಳಲ್ಲಿ ಎಷ್ಟೋ ಜನ ಐರಿಷ್ ಭಾಷೆ ಕಲಿಯಲು, ಅದನ್ನೇ ಮಾತಾಡುವ ಗೇಲ್ಟಾಕ್ಟ್ ಹಳ್ಳಿಗಳಿಗೆ ಹೋಗಿರುತ್ತಾರೆ. ನನಗೆ ಅದೊಂದು ತಮಾಷೆಯಾಗಿ ಕಾಣುತ್ತದೆ.

ದಿನದ ಕೆಲಸ ಹೇಗಿರುತ್ತದೆ?

ಬೆಳಿಗ್ಗೆ ಒಂಬತ್ತೂಕಾಲು, ಒಂಬತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ ಪಾಠ. ಆಮೇಲೆ ಊಟದ ಡಬ್ಬಿ. ಮಧ್ಯಾಹ್ನ ಆಟ ಅಥವಾ ಹತ್ತಿರದ ಸುತ್ತಾಟ. ಶನಿವಾರ ಇಡೀ ದಿನದ ಪ್ರವಾಸ. ಕೆಲವು ಸಂಜೆ ಡಿಸ್ಕೊ, ಇಲ್ಲವೇ ಐರಿಷ್ ಕೇಲಿ ನೃತ್ಯ. ಕೆಲವು ಶಾಲೆಗಳಲ್ಲಿ ಟೀಚರ್ ಬೇರೆ, ಆಕ್ಟಿವಿಟಿ ಲೀಡರ್ ಬೇರೆ. ಸಣ್ಣ ಶಾಲೆಗಳಲ್ಲಿ ಎರಡೂ ಒಬ್ಬರೇ. ಎರಡೂ ಇರುವ ಕೆಲಸವೇ ಒಳ್ಳೆಯದು ಎನ್ನುತ್ತೇನೆ ನಾನು. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಸ್ಟಾಂಪ್ 2ರಲ್ಲಿ ಇದ್ದೇನೆ. ಈ ಕೆಲಸ ಮಾಡಬಹುದಾ?

ಮಾಡಬಹುದು. ಸ್ಟಾಂಪ್ 2, ಅಂದರೆ ವಿದ್ಯಾರ್ಥಿ ಪರವಾನಗಿಯವರಿಗೆ ಕೆಲಸಕ್ಕೆ ವಾರಕ್ಕೆ 20 ಗಂಟೆ ಮಿತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು, ಮತ್ತೆ ಡಿಸೆಂಬರ್ 15ರಿಂದ ಜನವರಿ 15ರವರೆಗೆ 40 ಗಂಟೆ ಮಾಡಬಹುದು. ಬೇಸಿಗೆ ಶಾಲೆ ಸರಿಯಾಗಿ ಆ ಕಾಲಕ್ಕೇ ಬರುತ್ತದೆ. ಒಂದು ಎಚ್ಚರ: ಪ್ರವಾಸದ ಶನಿವಾರ, ಡಿಸ್ಕೊ ಸಂಜೆ ಎಲ್ಲ ಕೂಡಿಸಿದರೆ 40 ಬೇಗ ತುಂಬುತ್ತದೆ. ನಿಮ್ಮ ಲೆಕ್ಕ ನೀವೇ ಬರೆದಿಡಿ. ಇನ್ನೊಂದು: ಸ್ಟಾಂಪ್ 2ರಲ್ಲಿ ಸ್ವಂತ ಉದ್ಯೋಗ ಮಾಡುವ ಹಾಗಿಲ್ಲ. 'ಇನ್‌ವಾಯ್ಸ್ ಕೊಡಿ, ದುಡ್ಡು ಹಾಕ್ತೀವಿ' ಎನ್ನುವ ಕಡೆ ಸೇರಬೇಡಿ. ನೌಕರಿಯ ಕರಾರು, ಪೇ ಸ್ಲಿಪ್ ಎರಡೂ ಇರಬೇಕು.

ಓದು ಮುಗಿಸಿದವರಿಗೆ ಸಿಗುವ ಸ್ಟಾಂಪ್ 1ಜಿಯವರಿಗೆ ತೊಂದರೆ ಇಲ್ಲ. ಕ್ರಿಟಿಕಲ್ ಸ್ಕಿಲ್ಸ್ ಎಂಬ ಉದ್ಯೋಗ ಪರ್ಮಿಟ್‌ನವರು ತಮ್ಮ ಕಂಪನಿಗೆ ಕಟ್ಟುಬಿದ್ದವರು, ಅವರಿಗೆ ಇದು ಆಗುವುದಿಲ್ಲ.

ಟೀಚರ್ ಆಗಲು ಏನು ಓದಿರಬೇಕು?

ಒಂದು ಡಿಗ್ರಿ, ಮತ್ತೆ ಇಂಗ್ಲಿಷ್ ಕಲಿಸುವ ತರಬೇತಿಯ ಸರ್ಟಿಫಿಕೇಟ್. ಡಿಗ್ರಿ ಇಂಗ್ಲಿಷ್‌ನಲ್ಲೇ ಆಗಿರಬೇಕೆಂದಿಲ್ಲ. ಬಿಇ, ಬಿಎಸ್‌ಸಿ ಓದಿದವರು ಬೇಕಾದಷ್ಟು ಜನ ಕಲಿಸುತ್ತಾರೆ. ನಮ್ಮ ಡಿಗ್ರಿ ಇಲ್ಲಿಯ ಯಾವ ಮಟ್ಟಕ್ಕೆ ಸಮ ಎಂದು ಶಾಲೆ ಕೇಳಿದರೆ ನಾರಿಕ್ ಐರ್ಲೆಂಡ್ ಜಾಲತಾಣದಲ್ಲಿ ನೋಡಬಹುದು, ದುಡ್ಡಿಲ್ಲ.

ಸರ್ಟಿಫಿಕೇಟ್ ವಿಷಯದಲ್ಲಿ ಹುಷಾರು. ಕೇಂಬ್ರಿಡ್ಜ್‌ನ ಸೆಲ್ಟಾ ಎಲ್ಲರೂ ಒಪ್ಪುವಂಥದ್ದು. ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ '120 ಗಂಟೆ' ಕೋರ್ಸ್‌ಗಳಲ್ಲಿ ಬಹಳಷ್ಟಕ್ಕೆ ಈ ಭಾಗವೇ ಇರುವುದಿಲ್ಲ. ಒಳ್ಳೆಯ ಶಾಲೆಗಳು ಅವನ್ನು ಟೀಚರ್ ಕೆಲಸಕ್ಕೆ ಒಪ್ಪುವುದು ಕಷ್ಟ. ದುಡ್ಡು ಕಟ್ಟುವ ಮುಂಚೆ ಶಾಲೆಗೆ ಒಂದು ಮೇಲ್ ಹಾಕಿ ಕೇಳಿ. ಸರ್ಟಿಫಿಕೇಟ್ ಇಲ್ಲದಿದ್ದರೆ ಆಕ್ಟಿವಿಟಿ ಲೀಡರ್ ಆಗಿ ಸೇರಿ. ಒಂದು ಬೇಸಿಗೆ ಮಕ್ಕಳ ಜೊತೆ ಓಡಾಡಿದ ಮೇಲೆ ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ.

ನಮ್ಮ ಉಚ್ಚಾರಣೆ ಕೇಳಿ ಬೇಡ ಅನ್ನುತ್ತಾರಾ?

ಕೆಲವರು ಅನ್ನುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಸ್ಪೇನ್‌ನ ಏಜೆಂಟರು ಅಪ್ಪ ಅಮ್ಮಂದಿರಿಗೆ 'ಐರಿಷ್ ಟೀಚರ್' ಎಂದು ಮಾತು ಕೊಟ್ಟಿರುತ್ತಾರೆ. ಇಲ್ಲಿನ ಉದ್ಯೋಗ ಸಮಾನತೆ ಕಾಯ್ದೆಯಲ್ಲಿ ತಾರತಮ್ಯ ಮಾಡಬಾರದ ಒಂಬತ್ತು ಆಧಾರಗಳಿವೆ, ಜನಾಂಗ ಮತ್ತು ರಾಷ್ಟ್ರೀಯತೆ ಅದರಲ್ಲಿ ಸೇರಿವೆ. ಆದರೂ ಜುಲೈ ಹತ್ತಿರ ಬಂದು ಟೀಚರ್ ಸಿಗದಿದ್ದಾಗ ಇದೇ ಶಾಲೆಗಳು ಫೋನ್ ಮಾಡುವುದನ್ನು ನೋಡಿದ್ದೇನೆ. ಮಕ್ಕಳಿಗಂತೂ ಇದು ತಲೆಗೇ ಬರುವುದಿಲ್ಲ. ಡಬ್ಲಿನ್ ಬಸ್ ಡ್ರೈವರ್ ಮಾತಿಗಿಂತ ನಮ್ಮ ಮಾತೇ ಅವರಿಗೆ ಬೇಗ ಅರ್ಥವಾಗುತ್ತದೆ.

ಗಾರ್ಡಾ ವೆಟ್ಟಿಂಗ್ ಎಂದರೇನು? ಎಷ್ಟು ದಿನ ಹಿಡಿಯುತ್ತದೆ?

ಗಾರ್ಡಾ ಎಂದರೆ ಇಲ್ಲಿಯ ಪೊಲೀಸ್. ಮಕ್ಕಳ ಜೊತೆ ಕೆಲಸ ಮಾಡುವ ಯಾರಿಗೇ ಆದರೂ ಅವರ ತಪಾಸಣೆ ಕಡ್ಡಾಯ. ಅದು ಮುಗಿಯುವ ಮುಂಚೆ ನಿಮ್ಮನ್ನು ಕೆಲಸಕ್ಕೆ ಇಳಿಸಿದರೆ ಶಾಲೆಯದೇ ಅಪರಾಧವಾಗುತ್ತದೆ. ಅರ್ಜಿಯನ್ನು ನೀವೇ ನೇರವಾಗಿ ಹಾಕಲು ಬರುವುದಿಲ್ಲ, ಶಾಲೆಯ ಮೂಲಕವೇ ಹೋಗಬೇಕು. ಹುಟ್ಟಿದಾಗಿನಿಂದ ಇದ್ದ ಎಲ್ಲ ವಿಳಾಸ ಬರೆಯಬೇಕು. ಹಾಸ್ಟೆಲ್, ಪಿಜಿ, ದಾವಣಗೆರೆಯ ಹಳೇ ಬಾಡಿಗೆ ಮನೆ ಎಲ್ಲ ಬಂತು. ಈಗಲೇ ಅಮ್ಮನಿಗೆ ಫೋನ್ ಮಾಡಿ ಪಟ್ಟಿ ಮಾಡಿಟ್ಟುಕೊಳ್ಳಿ.

ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಬಹಳ ಶಾಲೆಗಳು ಕೇಳುತ್ತವೆ. ಅದೇ ನಿಧಾನ. ಏಪ್ರಿಲ್‌ನಲ್ಲಿ ಶುರು ಮಾಡಿದರೆ ಜೂನ್‌ಗೆ ನಿಶ್ಚಿಂತೆ.

ಸಂಬಳದ ವಿಷಯ?

2025ರಲ್ಲಿ ಇಲ್ಲಿಯ ಕನಿಷ್ಠ ವೇತನ ಗಂಟೆಗೆ 13.50 ಯೂರೋ ಇತ್ತು. ಟೀಚರ್‌ಗೆ ಅದಕ್ಕಿಂತ ಜಾಸ್ತಿ ಕೊಡುತ್ತಾರೆ. ಆದರೆ ಪಾಠದ ಗಂಟೆಗೆ ಮಾತ್ರ ಕೊಡುತ್ತಾರಾ, ತಯಾರಿಗೂ ಇದೆಯಾ ಕೇಳಿ. ಶನಿವಾರ ಬೆಳಿಗ್ಗೆ ಎಂಟಕ್ಕೆ ಬಸ್ ಹತ್ತಿ ರಾತ್ರಿ ಎಂಟಕ್ಕೆ ಇಳಿದರೆ ಎಷ್ಟು ಗಂಟೆ ಲೆಕ್ಕ ಹಿಡಿಯುತ್ತಾರೆ ಎಂದೂ ಕೇಳಿ. ಗದ್ದಲವಾಗುವುದು ಇಲ್ಲೇ. ಇವೆಲ್ಲ ಕರಾರಿನಲ್ಲಿ ಬರೆದಿರಲಿ. ದುಡಿದ ಗಂಟೆಗಳ ಶೇಕಡಾ 8ರಷ್ಟು ರಜೆ ಸಂಬಳ ನಿಮ್ಮ ಹಕ್ಕು, ಕೆಲಸ ಬಿಡುವಾಗ ಕೇಳಿ ತೆಗೆದುಕೊಳ್ಳಿ. ತೆರಿಗೆಗೆ ಬೇಕಾದ ಪಿಪಿಎಸ್ ಎಂಬ ಸರ್ಕಾರಿ ನಂಬರ್ ಕೊಡದಿದ್ದರೆ ಮೊದಲ ದಿನದಿಂದಲೇ 40 ಪರ್ಸೆಂಟ್ ತುರ್ತು ತೆರಿಗೆ ಬೀಳುತ್ತದೆ.

ಮೊದಲ ಕ್ಲಾಸಿನಲ್ಲಿ ಏನು ಮಾಡಬೇಕು?

ಸೋಮವಾರ ಪ್ಲೇಸ್‌ಮೆಂಟ್ ಟೆಸ್ಟ್, ಅಂದರೆ ಯಾರು ಯಾವ ಮಟ್ಟದ ಕ್ಲಾಸಿಗೆ ಎಂದು ನೋಡುವ ಪರೀಕ್ಷೆ ಇರುತ್ತದೆ. ಕಾಗದದ ಮೇಲೆ ಒಳ್ಳೆಯ ಅಂಕ ತೆಗೆದವರು ಬಾಯಿ ತೆರೆಯದೇ ಕೂರುತ್ತಾರೆ. ಸ್ಪೇನ್ ಶಾಲೆಗಳಲ್ಲಿ ವ್ಯಾಕರಣ ಚೆನ್ನಾಗಿ ಮಾಡಿಸಿರುತ್ತಾರೆ, ಮಾತಾಡಲು ಬಿಟ್ಟಿರುವುದು ಕಡಿಮೆ. ಅದಕ್ಕೆ ಮೊದಲ ದಿನ ಪುಸ್ತಕ ತೆಗೆಯಬೇಡಿ. ಅವರು ಮೂರು ವಾರಕ್ಕೆ ಬಂದವರು. ಮತ್ತೆ ಅದೇ ಖಾಲಿ ಬಿಟ್ಟ ಸ್ಥಳ ತುಂಬಿಸಲು ಅಪ್ಪ ಅಮ್ಮ ಅಷ್ಟು ದುಡ್ಡು ಕೊಟ್ಟಿಲ್ಲ ಅಲ್ವಾ?

ಹಾಜರಿ ಕರೆಯುವಾಗ ಒಂದು ವಿಷಯ. ಸ್ಪೇನ್‌ನಲ್ಲಿ ಎಲ್ಲರಿಗೂ ಎರಡು ಅಡ್ಡಹೆಸರು, ಅಂದರೆ ಸರ್‌ನೇಮ್. ಸಾಮಾನ್ಯವಾಗಿ ಮೊದಲು ಅಪ್ಪನದು, ಆಮೇಲೆ ಅಮ್ಮನದು. ಪಟ್ಟಿ ಮಾಡಿದವರು ಕೊನೆಯದನ್ನೇ ಅಡ್ಡಹೆಸರೆಂದು ಹಿಡಿದಿದ್ದರೆ ಮಗುವಿನ ಹೆಸರು ಎಲ್ಲೋ ಕೆಳಗೆ ಸೇರಿರುತ್ತದೆ. ಬಸ್ಸಿನ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಹೌಹಾರುವ ಮುಂಚೆ ಇದನ್ನು ನೋಡಿ.

ಮಕ್ಕಳು ನಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ. ಇದು ಅಗೌರವವಾ?

ಅಲ್ಲ. ಅವರ ಶಾಲೆಗಳಲ್ಲಿ ಮೇಷ್ಟ್ರನ್ನು ಹೆಸರಿನಿಂದ ಕರೆಯುವುದೇ ರೂಢಿ. ಇಲ್ಲವೇ 'ಪ್ರೊಫೆ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ 'ಟೀಚರ್, ಟೀಚರ್' ಎಂದು ಕೂಗುತ್ತಾರೆ. ಸರ್, ಮೇಡಂ ಕಾಯುತ್ತಾ ಕೂರಬೇಡಿ. ಎದುರು ಮಾತಾಡುವುದು, ಹೆಗಲು ಮುಟ್ಟುವುದು, ಎಲ್ಲರೂ ಒಟ್ಟಿಗೆ ಮಾತಾಡುವುದು, ಇವೆಲ್ಲ ಸಲಿಗೆಯ ಲೆಕ್ಕ. ಹೋಗುವ ದಿನ ಅಪ್ಪಿಕೊಂಡು ಅಳುವವರೂ ಇವರೇ.

ಅವರ ಇಂಗ್ಲಿಷಿನಲ್ಲಿ ಯಾವ ತಪ್ಪುಗಳು ಜಾಸ್ತಿ?

ಬೇಗ ಹಿಡಿಯಬಹುದಾದವು ಇವು. ಶಬ್ದದ ಶುರುವಿನಲ್ಲಿ ಸ್ ಒತ್ತಕ್ಷರವಿದ್ದರೆ ಮುಂದೆ ಒಂದು ಎ ಸೇರುತ್ತದೆ: 'ಎಸ್ಕೂಲ್', 'ಎಸ್ಪೇನ್'. ನಮ್ಮ ಊರಲ್ಲಿ ಇಸ್ಕೂಲು ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ. ಸ್ಪ್ಯಾನಿಷ್‌ಗೆ ಐದೇ ಸ್ವರ, ಹ್ರಸ್ವ ದೀರ್ಘ ಭೇದವಿಲ್ಲ. ಹಾಗಾಗಿ ಶಿಪ್, ಶೀಪ್ ಎರಡೂ ಒಂದೇ ಆಗಿ ಕೇಳುತ್ತದೆ. ಇ, ಈ ಬೇರೆ ಬೇರೆ ಎಂದು ಕಾಗುಣಿತ ಕಲಿತ ನಮಗೆ ಇದನ್ನು ತೋರಿಸಿಕೊಡುವುದು ಸುಲಭ. ಬ, ವ ಅವರಿಗೆ ಒಂದೇ. ಇಂಗ್ಲಿಷಿನ ವಿ, ಡಬ್ಲ್ಯು ಎರಡೂ ನಮಗೂ ಒಂದೇ ವ, ಅದನ್ನು ಕಲಿಸುವ ಮುಂಚೆ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ.

ವಾಕ್ಯದಲ್ಲಿ ಕರ್ತೃಪದ ಬಿಡುತ್ತಾರೆ: 'ಈಸ್ ರೇನಿಂಗ್'. 'ಬಂದೆ', 'ಹೋಗ್ತಾಳೆ' ಎಂದು ನಾವೂ ಕರ್ತೃ ಬಿಟ್ಟೇ ಮಾತಾಡುವವರು. ವಯಸ್ಸು ಹೇಳುವಾಗ 'ಐ ಹ್ಯಾವ್ ಫೋರ್ಟೀನ್ ಇಯರ್ಸ್' ಎನ್ನುತ್ತಾರೆ. ಪ್ರತಿ ತಪ್ಪಿಗೂ ತಡೆದರೆ ಮಗು ಬಾಯಿ ಮುಚ್ಚಿಬಿಡುತ್ತದೆ. ನಾನು ದಿನಕ್ಕೆ ಒಂದು ತಪ್ಪು ಆರಿಸಿ, ಅವತ್ತು ಅದನ್ನು ಮಾತ್ರ ಹಿಡಿಯುತ್ತಿದ್ದೆ.

ಕ್ಲಾಸಿನಲ್ಲಿ ಎಲ್ಲರೂ ಸ್ಪ್ಯಾನಿಷ್ ಮಾತಾಡುತ್ತಾರೆ. ತಡೆಯುವುದು ಹೇಗೆ?

ದಂಡ ಹಾಕುವುದು, ಬೋರ್ಡಿನ ಮೇಲೆ ಹೆಸರು ಬರೆಯುವುದು ಇವೆಲ್ಲ ಎರಡು ದಿನದ ಆಟ. ಹದಿನಾಲ್ಕು ಜನ ಸ್ಪೇನ್‌ನವರೇ ಕೂತಿದ್ದಾಗ ತಮ್ಮೊಳಗೆ ಇಂಗ್ಲಿಷ್ ಮಾತಾಡಲು ಅವರಿಗೆ ಕಾರಣವೇ ಇಲ್ಲ. ಇಂಗ್ಲಿಷ್ ಇಲ್ಲದೆ ಕೆಲಸ ಆಗದಂಥ ಸಂದರ್ಭ ನೀವು ಒದಗಿಸಬೇಕು. ಅದು ಸಿಗುವುದು ಹೊರಗೆ. ಮುಂದಿನ ಪ್ರಶ್ನೆ ನೋಡಿ.

ಪಾಠಕ್ಕೂ ಪ್ರವಾಸಕ್ಕೂ ಸಂಬಂಧ ಇರಬೇಕಾ?

ಇರಲೇಬೇಕು. ನಾನು ಈ ಪುಟ ಬರೆಯಲು ಮುಖ್ಯ ಕಾರಣವೇ ಇದು. ಬಹಳ ಶಾಲೆಗಳಲ್ಲಿ ಬೆಳಿಗ್ಗೆ ಪುಸ್ತಕದ ಏಳನೇ ಪಾಠ ನಡೆಯುತ್ತದೆ, ಮಧ್ಯಾಹ್ನ ಮ್ಯೂಸಿಯಂ. ಒಂದಕ್ಕೊಂದು ಸಂಬಂಧವಿಲ್ಲ. ಕ್ಲಾಸಿನಲ್ಲಿ ಮಕ್ಕಳಿಗೆ ನಿದ್ದೆ, ಮ್ಯೂಸಿಯಂನಲ್ಲಿ ಮೊಬೈಲು. ಪಾಠ ಮಾಡುವವರೇ ಪ್ರವಾಸಕ್ಕೂ ಹೋಗುವವರಾದರೆ ಇದನ್ನು ಸರಿ ಮಾಡಬಹುದು.

ಒಂದು ಉದಾಹರಣೆ. ಬುಧವಾರ ಡಾರ್ಟ್ ರೈಲು ಹತ್ತಿ ಹೌತ್‌ಗೆ ಹೋಗುವುದಿದೆ ಎಂದುಕೊಳ್ಳಿ. ಅದು ಮೀನುಗಾರರ ಬಂದರು, ಅರ್ಧ ಗಂಟೆಯ ದಾರಿ. ಮಂಗಳವಾರದ ಪಾಠದಲ್ಲಿ ಪ್ರಶ್ನೆ ಕೇಳುವುದನ್ನೇ ಕಲಿಸಿ. ಅಂಗಡಿಯಲ್ಲಿ ಬೆಲೆ ಕೇಳುವುದು, ಈ ಮೀನಿನ ಹೆಸರೇನು, ಯಾವತ್ತು ಹಿಡಿದದ್ದು, ದಾರಿ ಯಾವ ಕಡೆ. ಜೋಡಿ ಮಾಡಿ ಆಡಿಸಿ. ಬುಧವಾರ ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಗುಂಪಿಗೆ ಮೂರು ಪ್ರಶ್ನೆ ಕೊಟ್ಟು, ನಿಮ್ಮ ಕಣ್ಣಳತೆಯಲ್ಲಿರುವ ಅಂಗಡಿಗಳಿಗೆ ಕಳಿಸಿ. ಐರಿಷ್ ಜನ ಮಾತಿಗೆ ಸಿಕ್ಕರೆ ಬಿಡುವವರಲ್ಲ. ಮೂರು ಪ್ರಶ್ನೆಗೆ ಹತ್ತು ನಿಮಿಷ ಉತ್ತರ ಬರುತ್ತದೆ. ಅರ್ಧ ಅರ್ಥವಾಗುವುದಿಲ್ಲ, ಮಕ್ಕಳು ಮತ್ತೆ ಕೇಳಲೇಬೇಕಾಗುತ್ತದೆ. ಬಂದರಿನಲ್ಲಿ ತಲೆ ಎತ್ತುವ ಸೀಲ್‌ಗಳನ್ನು ನೋಡಲು ಅರ್ಧ ಗಂಟೆ ಬಿಡಿ. ಗುರುವಾರ ಬೆಳಿಗ್ಗೆ ಕ್ಲಾಸಿನಲ್ಲಿ ಅವರೇ ಹೇಳಲಿ: ಯಾರು ಏನು ಹೇಳಿದರು, ಯಾವುದು ಗೊತ್ತಾಗಲಿಲ್ಲ. ಭೂತಕಾಲ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಇಲ್ಲ.

ಡಾಸ್, ಅಂದರೆ ಪಾಠಗಳ ಉಸ್ತುವಾರಿ ನೋಡುವವರು, 'ಪುಸ್ತಕ ಯಾಕೆ ಮುಗಿದಿಲ್ಲ' ಎಂದು ಕೇಳಬಹುದು. ವಾರದ ಯೋಜನೆಯಲ್ಲೇ ಪ್ರವಾಸವನ್ನು ಸೇರಿಸಿ ಬರೆದು ಕೊಟ್ಟರೆ ಹೆಚ್ಚಿನವರು ಒಪ್ಪುತ್ತಾರೆ.

ಎಲ್ಲಿಗೆ ಕರೆದುಕೊಂಡು ಹೋದರೆ ಮಕ್ಕಳಿಗೆ ಹಿಡಿಸುತ್ತದೆ?

ಅವರ ದೇಶದ ಎಳೆ ಎಲ್ಲಿ ಸಿಗುತ್ತದೋ ಅಲ್ಲಿ ಹಿಡಿಸುತ್ತದೆ. ಐರ್ಲೆಂಡಿನಲ್ಲಿ ಅಂಥ ಜಾಗ ಬೇಕಾದಷ್ಟಿವೆ.

ಡಬ್ಲಿನ್ ನ್ಯಾಷನಲ್ ಗ್ಯಾಲರಿಯಿಂದ ಶುರು ಮಾಡಿ. ಪ್ರವೇಶ ಉಚಿತ, ಗುಂಪಾದರೆ ಮೊದಲೇ ಬುಕ್ ಮಾಡಬೇಕು. ಸೆವಿಯಾದಲ್ಲಿ ಹುಟ್ಟಿದ ವೆಲಾಸ್ಕೆಸ್ ಇಪ್ಪತ್ತರ ಒಳಗಿನ ವಯಸ್ಸಿನಲ್ಲಿ ಬರೆದ ಅಡುಗೆಮನೆಯ ಹುಡುಗಿಯ ಚಿತ್ರ ಅಲ್ಲಿದೆ. ಮುಂದೆ ಪಾತ್ರೆ ಪಗಡ, ಬೆಳ್ಳುಳ್ಳಿ. ಹಿಂದಿನ ಕಿಟಕಿಯಲ್ಲಿ ಯೇಸು ಊಟಕ್ಕೆ ಕೂತಿದ್ದಾನೆ. 'ನಿಮ್ಮೂರಿನವನು' ಎಂದರೆ ಸೆವಿಯಾ ಮಕ್ಕಳು ಎದೆ ಉಬ್ಬಿಸಿ ಬೇರೆಯವರಿಗೆ ವಿವರಿಸಲು ನಿಲ್ಲುತ್ತಾರೆ. ಇಂಗ್ಲಿಷಿನಲ್ಲೇ ಹೇಳಿ ಎನ್ನಿ. ಅದೇ ಗ್ಯಾಲರಿಯಲ್ಲಿ ಕರವಾಜ್ಜೊನ ಯೇಸು ಬಂಧನದ ಚಿತ್ರವಿದೆ. ಡಬ್ಲಿನ್‌ನ ಜೆಸ್ಯೂಟ್ ಪಾದ್ರಿಗಳ ಮನೆಯಲ್ಲಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗದೆ ತೂಗುಹಾಕಿದ್ದ ಚಿತ್ರ ಅದು. 1990ರಲ್ಲಿ ಗುರುತು ಹಿಡಿದರು. ಈ ಕಥೆಗೆ ಎಲ್ಲರೂ ಕಿವಿ ಕೊಡುತ್ತಾರೆ.

ಗಾಲ್ವೇಗೆ ಹೋದರೆ ಸ್ಪ್ಯಾನಿಷ್ ಆರ್ಚ್ ಇದೆ. 1584ರಲ್ಲಿ ಕಟ್ಟಿದ ಕೋಟೆಗೋಡೆಯ ಭಾಗ. ಸ್ಪೇನ್‌ನಿಂದ ವೈನ್ ಹಡಗುಗಳು ಬರುತ್ತಿದ್ದ ಬಂದರು ಅದು. ನೋಡಲು ಸಣ್ಣ ಕಮಾನು, 'ಇಷ್ಟೇನಾ?' ಎನ್ನುತ್ತಾರೆ. ಅದಕ್ಕೆ ಬಸ್ಸಿನಲ್ಲೇ ಕಥೆ ಹೇಳಿರಬೇಕು. 1588ರಲ್ಲಿ ಇಂಗ್ಲೆಂಡಿನ ಮೇಲೆ ಯುದ್ಧಕ್ಕೆ ಹೊರಟ ಸ್ಪೇನ್‌ನ ನೌಕಾಪಡೆ ಆರ್ಮಡಾ ಹಿಂತಿರುಗುವಾಗ ಬಿರುಗಾಳಿಗೆ ಸಿಕ್ಕಿ ಹಲವು ಹಡಗುಗಳು ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಒಡೆದವು. ಸ್ಲೈಗೋದ ಸ್ಟ್ರೀಡಾ ಕಡಲತೀರದಲ್ಲಿ ಮೂರು ಹಡಗು ಒಂದೇ ದಿನ ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಬದುಕಿ ಉಳಿದ ಫ್ರಾನ್ಸಿಸ್ಕೊ ದೆ ಕುಎಯಾರ್ ಎಂಬ ಕಪ್ತಾನ ಇಲ್ಲೆಲ್ಲ ಅಡಗಿ ಅಲೆದು, ಕೊನೆಗೆ ತಪ್ಪಿಸಿಕೊಂಡು ಹೋಗಿ ಇಡೀ ಕಥೆಯನ್ನು ಪತ್ರದಲ್ಲಿ ಬರೆದ. 1601ರಲ್ಲಿ ಇಂಗ್ಲಿಷರ ವಿರುದ್ಧದ ಕಿನ್ಸೇಲ್ ಯುದ್ಧಕ್ಕೆ ಐರಿಷರ ಸಹಾಯಕ್ಕೆ ಸ್ಪೇನ್ ಸೈನ್ಯ ಬಂತು, ಸೋತರು. ರೆಡ್ ಹ್ಯೂ ಓಡೊನೆಲ್ ಎಂಬ ನಾಯಕ ಮತ್ತೆ ಸಹಾಯ ಕೇಳಲು ಸ್ಪೇನ್‌ಗೆ ಹೋಗಿ 1602ರಲ್ಲಿ ಅಲ್ಲೇ ತೀರಿಕೊಂಡ. ಮಣ್ಣು ಮಾಡಿದ್ದು ವಯ್ಯದೊಲಿದ್ ಊರಿನಲ್ಲಿ. ಆ ಊರಿನ ಮಗು ನಿಮ್ಮ ಬಸ್ಸಿನಲ್ಲಿದ್ದರೆ ಮೈಕ್ ಅವರ ಕೈಗೆ ಕೊಡಿ.

ಗ್ಲೆಂಡಲಾಕ್ ನನಗೆ ಎಲ್ಲಕ್ಕಿಂತ ಇಷ್ಟ. ಬೆಟ್ಟಗಳ ನಡುವೆ ಎರಡು ಕೆರೆ, ಆರನೇ ಶತಮಾನದ ಸಂತ ಕೆವಿನ್ ಹುಟ್ಟುಹಾಕಿದ ಮಠದ ಅವಶೇಷ, ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರ. ಅದರ ಬಾಗಿಲು ನೆಲದಿಂದ ಮೂರೂವರೆ ಮೀಟರ್ ಮೇಲಿದೆ. ಯಾಕಿರಬಹುದು ಎಂದು ಕೇಳಿ, ಅವರೇ ವಾದ ಮಾಡಲಿ. ಕೆರೆ ದಂಡೆಯಲ್ಲಿ ಮಿಜ್ ಎಂಬ ನುಸಿ ಕಚ್ಚುತ್ತದೆ, ತೋಳು ಮುಚ್ಚುವ ಬಟ್ಟೆ ತರಲು ಹೇಳಿ.

ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಹರ್ಲಿಂಗ್ ಎಂಬ ಐರಿಷ್ ಆಟದ ಕೋಲು ಕೈಗೆ ಕೊಟ್ಟು ಆಡಿಸುವ ದಿನಕ್ಕೆ ಫುಟ್ಬಾಲ್ ಹುಚ್ಚಿನ ಹುಡುಗರೂ ಬಾಗುತ್ತಾರೆ. ಟ್ರಿನಿಟಿ ಕಾಲೇಜಿನಲ್ಲಿರುವ ಬೈಬಲ್ ಸುವಾರ್ತೆಗಳ ಹಸ್ತಪ್ರತಿ ಬುಕ್ ಆಫ್ ಕೆಲ್ಸ್ ಸುಮಾರು 800ನೇ ಇಸವಿಯದು, ಕರುವಿನ ಚರ್ಮದ ಮೇಲೆ ಬರೆದದ್ದು. ನೋಡಬೇಕಾದದ್ದೇ, ಆದರೆ ಟಿಕೆಟ್ ದುಬಾರಿ. ಅಲ್ಲಿಯ ಹಳೇ ಲೈಬ್ರರಿಯ ಪುಸ್ತಕಗಳನ್ನು ದುರಸ್ತಿಗಾಗಿ ಕಪಾಟಿನಿಂದ ತೆಗೆಯುತ್ತಾ ಬಂದಿದ್ದಾರೆ, ಫೋಟೊದಲ್ಲಿ ಕಂಡಂತೆ ಇರುವುದಿಲ್ಲ. ಕಡಲಂಚಿನ ಮೋಹರ್ ಬಂಡೆಗಳು ಡಬ್ಲಿನ್‌ನಿಂದ ಮೂರು ಗಂಟೆಗೂ ಜಾಸ್ತಿ ದಾರಿ. 214 ಮೀಟರ್ ಎತ್ತರದ ಅಂಚು, ಗಾಳಿ, ಸೆಲ್ಫಿ ಹುಚ್ಚಿನ ಮಕ್ಕಳು. ನನ್ನನ್ನು ಕೇಳಿದರೆ ಹದಿಮೂರರ ಒಳಗಿನವರಿಗೆ ಬೇಡ.

ಮಕ್ಕಳನ್ನೇ ಕೇಳಿದರೆ ಮೊದಲು ಹೇಳುವುದು ಪೆನ್ನೀಸ್ ಬಟ್ಟೆ ಅಂಗಡಿ. ಸ್ಪೇನ್‌ನಲ್ಲಿ ಪ್ರೈಮಾರ್ಕ್ ಎಂದು ಇರುವುದು ಇದೇ. 1969ರಲ್ಲಿ ಡಬ್ಲಿನ್‌ನ ಮೇರಿ ಸ್ಟ್ರೀಟ್‌ನಲ್ಲಿ ಶುರುವಾಯಿತು ಎಂದರೆ ನಂಬುವುದಿಲ್ಲ. ಒಂದು ಗಂಟೆ ಬಿಟ್ಟುಬಿಡಿ, ಉಳಿದ ದಿನ ನೆಮ್ಮದಿ.

ಹೊರಗೆ ಹೋದಾಗ ದೊಡ್ಡ ಅಪಾಯ ಯಾವುದು?

ರಸ್ತೆ ದಾಟುವುದು. ಸ್ಪೇನ್‌ನಲ್ಲಿ ಗಾಡಿಗಳು ಬಲಕ್ಕೆ ಓಡುತ್ತವೆ, ಇಲ್ಲಿ ನಮ್ಮ ಹಾಗೆ ಎಡಕ್ಕೆ. ಮಗು ರಸ್ತೆಗಿಳಿಯುವ ಮುಂಚೆ ರೂಢಿಯಂತೆ ಎಡಗಡೆ ನೋಡುತ್ತದೆ, ಬಸ್ಸು ಬಲಗಡೆಯಿಂದ ಬರುತ್ತಿರುತ್ತದೆ. ಎಡಕ್ಕೇ ಓಡಾಡಿ ಬೆಳೆದ ನಮಗೆ ಇದು ಹೊಳೆಯುವುದೇ ಇಲ್ಲ. ಮೊದಲ ದಿನವೇ ಶಾಲೆಯ ಮುಂದಿನ ರಸ್ತೆಯಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿ. ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು. ಸಿಗ್ನಲ್ ಅರ್ಧಕ್ಕೆ ಬದಲಾದರೆ ಮುಂದಿನವರು ಆಚೆ ಕಾಯಬೇಕು, ಹಿಂದಿನವರು ಓಡಬಾರದು. ಇದನ್ನು ಮೊದಲೇ ಹೇಳಿಕೊಟ್ಟಿರಬೇಕು.

ಆಮೇಲೆ ಎಣಿಕೆ. ಶಾಲೆಯಿಂದ ಹೊರಡುವಾಗ, ಬಸ್ ಹತ್ತಿದ ಮೇಲೆ, ಇಳಿದ ಮೇಲೆ, ಪ್ರತಿ ಜಾಗ ಬಿಡುವ ಮುಂಚೆ, ಶೌಚಾಲಯಕ್ಕೆ ನಿಲ್ಲಿಸಿದ ಮೇಲೆ. ಪ್ರತಿ ಮಗುವಿಗೆ ಒಂದು ನಂಬರ್ ಕೊಟ್ಟು ಅವರೇ ಇಂಗ್ಲಿಷಿನಲ್ಲಿ ಕೂಗಲಿ. ಸ್ಪೇನ್‌ನಿಂದ ಬಂದ ಗ್ರೂಪ್ ಲೀಡರ್ 'ಎಲ್ಲ ಇದ್ದಾರೆ' ಎಂದರೂ ನೀವು ಒಮ್ಮೆ ಎಣಿಸಿ. ಎಷ್ಟು ಮಕ್ಕಳಿಗೆ ಒಬ್ಬರು ಎಂಬ ಶಾಲೆಯ ನಿಯಮ ಕೇಳಿಕೊಳ್ಳಿ. ಜನ ಕಡಿಮೆ ಇದ್ದರೆ ಹೊರಡಬೇಡಿ, ಯಾರು ಏನೇ ಅನ್ನಲಿ.

ಮಗು ತಪ್ಪಿಸಿಕೊಂಡರೆ?

ಹೊರಡುವ ಮುಂಚೆಯೇ ಮೂರು ವಿಷಯ ಅವರ ಬಳಿ ಇರಬೇಕು: ಶಾಲೆಯ ತುರ್ತು ಫೋನ್ ನಂಬರ್ ಬರೆದ ಕೈಪಟ್ಟಿ, ಸೇರುವ ಜಾಗ, ಸೇರುವ ಹೊತ್ತು. ಓಕಾನೆಲ್ ಬೀದಿಯಲ್ಲಿ 120 ಮೀಟರ್ ಎತ್ತರದ ಸ್ಪೈರ್ ಎಂಬ ಚೂಪು ಕಂಬ ಇದೆ, ಎಲ್ಲಿಂದಲೂ ಕಾಣುತ್ತದೆ ಎಂದು ಎಲ್ಲ ಶಾಲೆಗಳೂ ಅದನ್ನೇ ಹೇಳುತ್ತವೆ. ಅದಕ್ಕೇ ನಾನು ಹೇಳುವುದಿಲ್ಲ. ಅಲ್ಲಿ ಹತ್ತು ಗುಂಪು ಬೆರೆತು ಹೋಗಿರುತ್ತವೆ. ಎದುರಿನ ಜಿಪಿಒ, ಅಂದರೆ ದೊಡ್ಡ ಅಂಚೆ ಕಚೇರಿ ಕಟ್ಟಡದ ಕಂಬಗಳ ಕೆಳಗೆ ನಿಲ್ಲಿಸಿ, ಮಳೆಗೂ ಆಸರೆ. ತಪ್ಪಿಸಿಕೊಂಡವರು ನಿಂತಲ್ಲೇ ನಿಂತು ಫೋನ್ ಮಾಡಬೇಕು. ನೀವು ಉಳಿದವರನ್ನು ಬಿಟ್ಟು ಹುಡುಕಲು ಓಡಬೇಡಿ. ಒಬ್ಬರು ಹುಡುಕಲಿ, ಒಬ್ಬರು ಗುಂಪಿನ ಜೊತೆ ಇರಲಿ, ಕೂಡಲೇ ಶಾಲೆಗೆ ತಿಳಿಸಿ. ತುರ್ತು ನಂಬರ್ 112 ಸ್ಪೇನ್‌ನಲ್ಲೂ ಅದೇ, ಮಕ್ಕಳಿಗೆ ಗೊತ್ತಿರುತ್ತದೆ.

ಬೆಲ್‌ಫಾಸ್ಟ್, ಜೈಂಟ್ಸ್ ಕಾಸ್‌ವೇ ಪ್ರವಾಸಕ್ಕೆ ನಾನು ಹೋಗಬಹುದಾ?

ಭಾರತದ ಪಾಸ್‌ಪೋರ್ಟ್ ಇದ್ದು ಬ್ರಿಟನ್ ವೀಸಾ ಇಲ್ಲದಿದ್ದರೆ ಹೋಗಬೇಡಿ. ಉತ್ತರ ಐರ್ಲೆಂಡ್ ಬ್ರಿಟನ್‌ಗೆ ಸೇರಿದ್ದು. ದಾರಿಯಲ್ಲಿ ಗೇಟಿಲ್ಲ, ಚೆಕ್‌ಪೋಸ್ಟಿಲ್ಲ, ಗಡಿ ದಾಟಿದ್ದೂ ಗೊತ್ತಾಗುವುದಿಲ್ಲ. ಆದರೂ ಐರ್ಲೆಂಡಿನಲ್ಲಿ ಇರಲು ನಮಗೆ ಕೊಟ್ಟ ಐಆರ್‌ಪಿ ಕಾರ್ಡ್ ಅಲ್ಲಿ ನಡೆಯುವುದಿಲ್ಲ. 'ಯಾರೂ ಕೇಳಲ್ಲ ಬಾ' ಎನ್ನುವವರ ವೀಸಾಗೆ ಏನೂ ಆಗುವುದಿಲ್ಲ, ಆಗುವುದು ನಿಮ್ಮದಕ್ಕೆ. ಸ್ಪೇನ್ ಮಕ್ಕಳಿಗೂ 2025ರ ಏಪ್ರಿಲ್ 2ರಿಂದ ಇಟಿಎ ಎಂಬ ಮುಂಗಡ ಅನುಮತಿ ಮತ್ತು ಪಾಸ್‌ಪೋರ್ಟ್ ಬೇಕು. ಬರೀ ಗುರುತಿನ ಚೀಟಿ ತಂದವರು ಆ ಪ್ರವಾಸಕ್ಕೆ ಹೋಗುವ ಹಾಗಿಲ್ಲ. ಉಳಿಯುವ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು, ಆ ಕೆಲಸ ನೀವು ಕೇಳಿಕೊಳ್ಳಿ.

ಮಳೆ ಬಂದರೆ?

ಬರುತ್ತದೆ. ಮಕ್ಕಳು ಚಡ್ಡಿ, ಬಟ್ಟೆ ಶೂ ಹಾಕಿಕೊಂಡು ಬಂದಿರುತ್ತಾರೆ. ರೇನ್‌ಕೋಟ್ ಇಲ್ಲದವರನ್ನು ಗ್ಲೆಂಡಲಾಕ್‌ಗೆ ಹತ್ತಿಸಬೇಡಿ. ನಗರದಲ್ಲಾದರೆ ಕಿಲ್ಡೇರ್ ಸ್ಟ್ರೀಟ್‌ನ ನ್ಯಾಷನಲ್ ಮ್ಯೂಸಿಯಂ ಇದೆ, ಉಚಿತ. ಜೌಗು ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕೊಳೆಯದೆ ಉಳಿದ ಮನುಷ್ಯರ ದೇಹಗಳು ಅಲ್ಲಿವೆ. ಒಂದರ ಕೈಬೆರಳಿನ ಉಗುರು ಕೂಡ ಕಾಣುತ್ತದೆ. ಎಂಥ ಗಲಾಟೆ ಗುಂಪೂ ಅಲ್ಲಿ ಸುಮ್ಮನಾಗುತ್ತದೆ. ಹೆದರುವ ಮಕ್ಕಳಿಗೆ ಮೊದಲೇ ಹೇಳಿ, ಹೊರಗೆ ಇರಲು ಬಿಡಿ.

ಹೋಸ್ಟ್ ಫ್ಯಾಮಿಲಿ ಬಗ್ಗೆ ಮಕ್ಕಳು ದೂರು ಹೇಳುತ್ತಾರೆ. ಏನು ಮಾಡಲಿ?

ಹೋಸ್ಟ್ ಫ್ಯಾಮಿಲಿ ಅಂದರೆ ಮಕ್ಕಳು ಉಳಿದುಕೊಳ್ಳುವ ಐರಿಷ್ ಮನೆಯವರು. ತೊಂಬತ್ತು ಭಾಗ ದೂರು ಊಟ ಮತ್ತು ಸ್ನಾನದ್ದು. ಸ್ಪೇನ್‌ನಲ್ಲಿ ರಾತ್ರಿ ಊಟ ಒಂಬತ್ತು, ಹತ್ತಕ್ಕೆ. ಇಲ್ಲಿ ಆರಕ್ಕೇ ಮುಗಿಯುತ್ತದೆ. ಜೂನ್‌ನಲ್ಲಿ ಡಬ್ಲಿನ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೂ ಬೆಳಕಿರುತ್ತದೆ, ಆಗ ಅವರಿಗೆ ಹೊಟ್ಟೆ ಹಸಿಯುತ್ತದೆ. ಡಬ್ಬಿಯಲ್ಲಿ ದಿನಾ ಅದೇ ಹ್ಯಾಮ್ ಸ್ಯಾಂಡ್‌ವಿಚ್, ಚಿಪ್ಸ್, ಸೇಬು. ಸ್ನಾನದ್ದು ಇನ್ನೊಂದು: ಐರಿಷ್ ಮನೆಗಳಲ್ಲಿ ನೀರು ಕಾಯಿಸುವ ಇಮ್ಮರ್ಷನ್ ಆರಿಸದೆ ಬಿಟ್ಟರೆ ಮನೆಯಾಕೆಗೆ ಸಿಟ್ಟು ನೆತ್ತಿಗೇರುತ್ತದೆ. ನಮ್ಮ ಮನೆಗಳಲ್ಲಿ ಗೀಸರ್ ಆಫ್ ಮಾಡಿದ್ಯಾ ಎಂದು ಕೂಗುವುದಿಲ್ವಾ, ಹಾಗೇ. ಇದನ್ನು ವಿವರಿಸಿ ಹೇಳಿದರೆ ಅರ್ಧ ದೂರು ಕರಗುತ್ತದೆ.

ಉಳಿದದ್ದನ್ನು ಹಗುರವಾಗಿ ಎಣಿಸಬೇಡಿ. ಮಗುವಿಗೆ ಹೆದರಿಕೆಯಾಗಿದೆ, ಯಾರೋ ಕೆಟ್ಟದಾಗಿ ನಡೆದುಕೊಂಡಿದ್ದಾರೆ ಎನಿಸಿದರೆ ಅವತ್ತೇ ಶಾಲೆಯ ಮಕ್ಕಳ ರಕ್ಷಣೆ ಹೊಣೆ ಹೊತ್ತವರಿಗೆ ತಿಳಿಸಿ. 'ಯಾರಿಗೂ ಹೇಳಲ್ಲ' ಎಂದು ಮಗುವಿಗೆ ಮಾತು ಕೊಡಬೇಡಿ. ನೀವೇ ವಿಚಾರಣೆ ಮಾಡಲೂ ಹೋಗಬೇಡಿ. ಅವರು ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದು ಕೊಡಿ.

ಬಾರ್ಸೆಲೋನಾ ಮಕ್ಕಳನ್ನು 'ಸ್ಪ್ಯಾನಿಷ್' ಎಂದರೆ ಕೆಲವರು ಮುಖ ಸಿಂಡರಿಸುತ್ತಾರೆ. ಯಾಕೆ?

ಅವರಲ್ಲಿ ಎಷ್ಟೋ ಜನರ ಮನೆಮಾತು ಕತಲಾನ್. ಬಾಸ್ಕ್, ಗಾಲಿಷಿಯನ್ ಮಾತಾಡುವವರೂ ಬರುತ್ತಾರೆ. ದಕ್ಷಿಣದಿಂದ ಬಂದವರನ್ನೆಲ್ಲ 'ಮದ್ರಾಸಿ' ಎಂದು ಕರೆಸಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿ, ಎರಡು ಪದ ಕಲಿಯಿರಿ. ರಾಜಕೀಯಕ್ಕೆ ಹೋಗಬೇಡಿ. ಮ್ಯಾಡ್ರಿಡ್ ಮತ್ತು ಬಾರ್ಸೆಲೋನಾ ಫುಟ್ಬಾಲ್ ಜಗಳವೇ ದಿನಕ್ಕೆ ಸಾಕಾಗುತ್ತದೆ.

ನನಗೆ ಸ್ಪ್ಯಾನಿಷ್ ಬರಬೇಕಾ?

ಬೇಡ. ಬಾರದಿದ್ದರೆ ಒಳ್ಳೆಯದೇ, ಅವರು ಇಂಗ್ಲಿಷ್ ಮಾತಾಡಲೇಬೇಕಾಗುತ್ತದೆ. ರಸ್ತೆ ಬದಿಗೆ ಎರಡು ಪದ ಇಟ್ಟುಕೊಳ್ಳಿ: 'ಕುಇದಾದೊ' ಅಂದರೆ ಹುಷಾರು, 'ಪಾರಾ' ಅಂದರೆ ನಿಲ್ಲು. ಬೈಕ್ ಬರುವಾಗ ಭಾಷಾ ಪಾಠ ಬೇಡ.

ಫೋಟೊ, ವಾಟ್ಸಾಪ್ ಬಗ್ಗೆ ಏನು ನಿಯಮ?

ನಿಮ್ಮ ಸ್ವಂತ ನಂಬರ್ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಕೊಡಬೇಡಿ, ಶಾಲೆಯ ಫೋನ್ ಬಳಸಿ. ಮಕ್ಕಳ ಫೋಟೊ ನಿಮ್ಮ ಸ್ಟೇಟಸ್‌ನಲ್ಲಿ ಹಾಕಬೇಡಿ, ಎಷ್ಟೇ ಮುದ್ದಾಗಿದ್ದರೂ. ಇನ್‌ಸ್ಟಾಗ್ರಾಂ ಕೋರಿಕೆ ಬಂದರೆ ಒಪ್ಪಬೇಡಿ.

ನಾನು ಸಸ್ಯಾಹಾರಿ. ಪ್ರವಾಸದ ದಿನ ಊಟಕ್ಕೆ ಏನು ಮಾಡಲಿ?

ಶಾಲೆಯ ಡಬ್ಬಿ ನಂಬಬೇಡಿ. ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಯಾವುದಾದರೂ ಸರಿ, ಕೈಯಲ್ಲಿ ಹಿಡಿದು ನಿಂತೇ ತಿನ್ನುವಂಥದ್ದು ಕಟ್ಟಿಕೊಳ್ಳಿ. ನಿಮಗೆ ಕೂತು ಉಣ್ಣಲು ಪುರಸೊತ್ತು ಸಿಗುವುದಿಲ್ಲ. ಮಕ್ಕಳು ರುಚಿ ಕೇಳಿದರೂ ಕೊಡಬೇಡಿ. ಯಾರಿಗೆ ಕಡಲೆಬೀಜದ ಅಲರ್ಜಿ ಇದೆಯೋ, ಪಟ್ಟಿ ನೋಡದೆ ಹೇಳಲು ಆಗುವುದಿಲ್ಲ.

ಥೀಸಿಸ್ ಇರುವಾಗ ಈ ಕೆಲಸ ಒಪ್ಪಿಕೊಳ್ಳಬಹುದಾ?

ಎಂಎಸ್‌ಸಿಯವರಿಗೆ ಥೀಸಿಸ್ ಕೊಡುವ ದಿನ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್. ಶಾಲೆಯ ಭರಾಟೆ ಜುಲೈನಲ್ಲಿ. ಜುಲೈ ನಾಲ್ಕು ವಾರಕ್ಕೆ ಮಾತ್ರ ಒಪ್ಪಿಕೊಂಡು ಆಗಸ್ಟ್ ಬಿಟ್ಟುಬಿಡಿ. ಇಡೀ ದಿನ ಮಕ್ಕಳ ಹಿಂದೆ ಓಡಿ ಬಂದು ರಾತ್ರಿ ಥೀಸಿಸ್ ಬರೆಯುತ್ತೇನೆ ಎನ್ನುವವರು ಸೋಫಾ ಮೇಲೇ ಮಲಗಿರುತ್ತಾರೆ. ಪಾಠ ಮಾತ್ರ ಇರುವ ಅರ್ಧ ದಿನದ ಕೆಲಸವೂ ಸಿಗುತ್ತದೆ, ಸಂದರ್ಶನದಲ್ಲೇ ಕೇಳಿ. ಬಿಡುವ ವಾರ ಡೈರೆಕ್ಟರ್ ಹತ್ತಿರ ರೆಫರೆನ್ಸ್ ಪತ್ರ ಬರೆಸಿಕೊಳ್ಳಿ. ಸೆಪ್ಟೆಂಬರ್ ಆದಮೇಲೆ ಆ ಕಟ್ಟಡದಲ್ಲಿ ಐರಿಷ್ ಮಕ್ಕಳ ಶಾಲೆ ನಡೆಯುತ್ತಿರುತ್ತದೆ, ಬೇಸಿಗೆ ಶಾಲೆಯವರು ಅಲ್ಲಿ ಸಿಗುವುದಿಲ್ಲ.